ಅಸೂಸ್ ಈ-ಪಿಸಿ 701: ಒಂದು ಕಿಲೋಗಿಂತ ಹಗುರವಾದ ಅಗ್ಗದ ಕಂಪ್ಯೂಟರಿನ ಒಳಲೆಕ್ಕ

2007ರ ಅಕ್ಟೋಬರಿನಲ್ಲಿ ತೈವಾನಿನ ಅಂಗಡಿಗಳಿಗೆ ಬಂದ ಅಸೂಸ್ ಈ-ಪಿಸಿ 701, ನೆಟ್‌ಬುಕ್ ಎಂಬ, ಅಗ್ಗದ ಪುಟ್ಟ ಲ್ಯಾಪ್‌ಟಾಪುಗಳ ಜಾತಿಯನ್ನೇ ಹುಟ್ಟುಹಾಕಿದ ಯಂತ್ರ. ಅದಕ್ಕೆ ಮೊದಲು ಒಂದು ಕಿಲೋ ಆಸುಪಾಸಿನ ಲ್ಯಾಪ್‌ಟಾಪ್ ಬೇಕೆಂದರೆ ಸೋನಿ, ತೋಷಿಬಾಗಳ ಒಂದೂವರೆ-ಎರಡು ಸಾವಿರ ಡಾಲರಿನ ಮಾದರಿಗಳತ್ತ ನೋಡಬೇಕಿತ್ತು. 701ರ ‘4ಜಿ’ (4 ಜಿಬಿ ಸಂಗ್ರಹದ) ಮಾದರಿ ತೂಗುವುದು 920 ಗ್ರಾಂ, ಅಮೆರಿಕದಲ್ಲಿ ಅದರ ಬೆಲೆ 399 ಡಾಲರ್. ಡಾಲರಿಗೆ 39–40 ರೂಪಾಯಿ ಇದ್ದ ಕಾಲ ಅದು; ತೆರಿಗೆ, ಸಾಗಣೆ ಸೇರದೆ ಹದಿನಾರು ಸಾವಿರದ ಸಮೀಪ. ಅದೇ ವರ್ಷದ ಜೂನಿನಲ್ಲಿ ತೈಪೆಯ ಕಂಪ್ಯೂಟೆಕ್ಸ್ ಮೇಳದಲ್ಲಿ ಘೋಷಿಸಿದಾಗ ಹೇಳಿದ್ದ ಆರಂಭಿಕ ಬೆಲೆ 199 ಡಾಲರ್. ಮೇಳದಿಂದ ಅಂಗಡಿಗೆ ಬರುವಷ್ಟರಲ್ಲಿ ಆ ಬೆಲೆ ಆವಿಯಾಗಿತ್ತು.

ಇಲ್ಲಿ ತೂಗಿ ನೋಡುತ್ತಿರುವ ಸಂದರ್ಭ ಹೀಗಿದೆ. ಕಾಲ 2008ರ ಮೊದಲ ತಿಂಗಳುಗಳು. ಕೊಳ್ಳಲು ಹೊರಟವರು ಓಡಾಡುತ್ತಲೇ ಬರೆಯಬೇಕಾದವರು: ವರದಿಗಾರರು, ಅನುವಾದಕರು, ಊರಿಂದೂರಿಗೆ ಹೋಗಿ ಪಾಠ ಮಾಡುವ ಮೇಷ್ಟ್ರುಗಳು. ಕೆಲಸ ಕನ್ನಡ ಟೈಪಿಂಗ್, ಇಮೇಲ್, ಒಂದಿಷ್ಟು ವೆಬ್. ಮನೆಯಲ್ಲಿ ಡೆಸ್ಕ್‌ಟಾಪ್ ಇರಬಹುದು, ಇಲ್ಲದೆಯೂ ಇರಬಹುದು. ಇದರ ಮೇಲೆ ತೀರ್ಪು ಎಷ್ಟು ನಿಂತಿದೆ ಎಂಬುದು ಮುಂದೆ ಗೊತ್ತಾಗುತ್ತದೆ. ಪರಿಶೀಲನೆಯ ಮಾದರಿ 4ಜಿ, ಕಾರ್ಖಾನೆಯಿಂದಲೇ ಬಂದ ಝಂಡ್ರೋಸ್ ಲಿನಕ್ಸ್ (ವಿಂಡೋಸಿನ ಬದಲಿಗೆ ಬರುವ ಕಾರ್ಯನಿರ್ವಹಣಾ ವ್ಯವಸ್ಥೆ) ಸಮೇತ.

ಇಂಥ ಯಂತ್ರವನ್ನು ಮಾಮೂಲಿ ಲ್ಯಾಪ್‌ಟಾಪಿನ ಪಕ್ಕ ಇಟ್ಟು ‘ಅದರಲ್ಲಿದೆ, ಇದರಲ್ಲಿಲ್ಲ’ ಎಂದು ಪಟ್ಟಿ ಮಾಡಿದರೆ ಏನೂ ತಿಳಿಯುವುದಿಲ್ಲ. ಬೆಲೆಯನ್ನೂ ತೂಕವನ್ನೂ ಇಳಿಸಬೇಕಾದರೆ ಎಲ್ಲೋ ಕತ್ತರಿ ಆಡಿಸಿಯೇ ಇರುತ್ತಾರೆ. ಕೇಳಬೇಕಾದ್ದು, ಆ ಕತ್ತರಿ ಬಿದ್ದ ಜಾಗವನ್ನು ಕೊಂಡ ಮೇಲೆ ನಾವು ತುಂಬಿಕೊಳ್ಳಬಹುದೇ, ಅಥವಾ ಯಂತ್ರ ಇರುವವರೆಗೂ ಅದು ಹಾಗೇ ಇರುತ್ತದೆಯೇ ಎಂದು. 701ರಲ್ಲಿ ಎರಡೂ ಬಗೆಯವು ಇವೆ, ಮತ್ತು ಜಾಹೀರಾತಿನಲ್ಲಿ ಅವೆರಡರ ನಡುವೆ ಗೆರೆ ಇಲ್ಲ.

ಹೊರಮೈ ಮತ್ತು ಪ್ರೊಸೆಸರ್

ಅಳತೆ 22.5 × 16.5 ಸೆಂ.ಮೀ., ದಪ್ಪ ಮುಂದೆ ಎರಡು ಸೆಂ.ಮೀ. ಚಿಲ್ಲರೆ, ಹಿಂದೆ ಮೂರೂವರೆ. ಮಧ್ಯಮ ಗಾತ್ರದ ಪುಸ್ತಕದಷ್ಟೇ. ಮೂರು ಯುಎಸ್‌ಬಿ ಕಿಂಡಿ, ಎಸ್‌ಡಿ ಕಾರ್ಡ್ ಕಿಂಡಿ, ಹೊರ ಮಾನಿಟರಿಗೆ ವಿಜಿಎ, ತಂತಿ ಜಾಲಕ್ಕೆ ಲ್ಯಾನ್, ಮೈಕ್, ಹೆಡ್‌ಫೋನ್, ಪರದೆಯ ಮೇಲೆ 0.3 ಮೆಗಾಪಿಕ್ಸೆಲ್ ಕ್ಯಾಮೆರಾ. ಸಿಡಿ ಡ್ರೈವ್ ಇಲ್ಲ. ಟೆಲಿಫೋನ್ ಮೋಡೆಮಿನ ಕಿಂಡಿಗೆ ಜಾಗ ಬಿಟ್ಟು ಮುಚ್ಚಿದ್ದಾರೆ. ಅಡಾಪ್ಟರ್ ಮೊಬೈಲ್ ಚಾರ್ಜರಿಗಿಂತ ತುಸು ದೊಡ್ಡದು, ನೇರವಾಗಿ ಪ್ಲಗ್ಗಿಗೆ ಸಿಕ್ಕಿಸುವಂಥದ್ದು. ಲ್ಯಾಪ್‌ಟಾಪಿನ ತೂಕ ಹೇಳುವಾಗ ಇಟ್ಟಿಗೆಯಂಥ ಅಡಾಪ್ಟರನ್ನು ಎಲ್ಲರೂ ಮರೆಯುತ್ತಾರೆ. ಇಲ್ಲಿ ಮರೆತರೂ ನಷ್ಟವಿಲ್ಲ.

ಆದರೆ ಆ ಅಡಾಪ್ಟರಿನದೊಂದು ತಕರಾರಿದೆ. ಅದು ಕೊಡುವುದು 9.5 ವೋಲ್ಟ್, 2.315 ಆಂಪಿಯರ್. ಮಾಮೂಲಿ ಲ್ಯಾಪ್‌ಟಾಪುಗಳ 19 ವೋಲ್ಟಿನದು ಇದಕ್ಕೆ ಹೊಂದುವುದಿಲ್ಲ. ನಂತರ ಬಂದ ಈ-ಪಿಸಿ 900ರ 12 ವೋಲ್ಟಿನದೂ ಇದರದಲ್ಲ. ಪಿನ್ ಹೊಕ್ಕಿತೆಂದು ಬೇರೆ ವೋಲ್ಟಿನದನ್ನು ಸಿಕ್ಕಿಸಿದರೆ ಮದರ್‌ಬೋರ್ಡಿಗೇ ಕುತ್ತು. ಪರ ಊರಿನಲ್ಲಿ ಅಡಾಪ್ಟರ್ ಕಳೆದರೆ ಪಕ್ಕದವರಿಂದ ಎರವಲು ಪಡೆಯುವ ಹಾಗಿಲ್ಲ.

ಒಳಗಿರುವುದು ಇಂಟೆಲ್ ಸೆಲೆರಾನ್ ಎಂ 353. ಇದು 900 ಮೆಗಾಹರ್ಟ್ಸ್‌ಗೆ ತಯಾರಾದ, 5 ವ್ಯಾಟಿನ ಚಿಪ್. ನೂರು ಮೆಗಾಹರ್ಟ್ಸ್‌ನ ಬಸ್ಸಿಗೆ, ಅಂದರೆ ಪ್ರೊಸೆಸರ್-ಮೆಮೊರಿಗಳ ನಡುವಿನ ಮಾಹಿತಿಯ ದಾರಿಗೆ, ಒಂಬತ್ತರ ಗುಣಕ. ಅಸೂಸ್ ಬಸ್ಸನ್ನು 70ಕ್ಕೆ ಇಳಿಸಿದ್ದರಿಂದ ಯಂತ್ರ ಓಡುವುದು 630 ಮೆಗಾಹರ್ಟ್ಸ್‌ನಲ್ಲಿ. ಪೆಟ್ಟಿಗೆಯ ಮೇಲೆ ಇದನ್ನು ಹುಡುಕಬೇಡಿ. ಬಸ್ ಇಳಿದರೆ ನಿಧಾನವಾಗುವುದು ಪ್ರೊಸೆಸರ್ ಒಂದೇ ಅಲ್ಲ, ಮೆಮೊರಿಯ ಜೊತೆಗಿನ ಕೊಡು-ಕೊಳೆಯೂ ನಿಧಾನ. ಹೀಗಿದ್ದರೂ ಟೈಪಿಂಗಿಗೆ, ಇಮೇಲಿಗೆ ಇದು ಸಾಕಷ್ಟಾಯಿತು. ಉಸಿರು ಕಟ್ಟುವುದು ಫ್ಲ್ಯಾಶ್ ತುಂಬಿದ ವೆಬ್ ಪುಟಗಳಲ್ಲಿ ಮತ್ತು ಪರದೆ ತುಂಬ ಬಿಟ್ಟ ವೆಬ್ ವಿಡಿಯೊದಲ್ಲಿ.

ಹವ್ಯಾಸಿಗಳು ಬರೆದ ಒಂದು ಕರ್ನೆಲ್ (ಲಿನಕ್ಸಿನ ತಿರುಳು) ಮಾಡ್ಯೂಲಿನಿಂದ ಬಸ್ಸನ್ನು ಮತ್ತೆ 100ಕ್ಕೆ ಏರಿಸಬಹುದು. 70ರಿಂದ ಒಮ್ಮೆಗೇ 100ಕ್ಕೆ ಹಾರಿಸಿದರೆ ಯಂತ್ರ ಸ್ತಬ್ಧವಾಗುವ ಸಂಭವ ಹೆಚ್ಚು. 85ರಲ್ಲಿ ಒಮ್ಮೆ ನಿಲ್ಲಿಸಿ, ಆಮೇಲೆ ಏರಿಸುವುದು ರೂಢಿ. ಚಿಪ್ಪಿನ ಹುಟ್ಟುವೇಗ 900 ಆಗಿರುವುದರಿಂದ ಇದನ್ನು ಓವರ್‌ಕ್ಲಾಕಿಂಗ್ (ಮಿತಿಮೀರಿ ಓಡಿಸುವುದು) ಎನ್ನುವುದಕ್ಕಿಂತ ಕಟ್ಟಿದ ಹಗ್ಗ ಬಿಚ್ಚುವುದು ಎನ್ನಬೇಕು. ಆದರೆ ಫ್ಯಾನ್ ಸದ್ದು ಏರುತ್ತದೆ, ಕೀಲಿಮಣೆಯ ಕೆಳಗಿನ ಬಿಸಿ ಬೆರಳಿಗೆ ತಿಳಿಯುತ್ತದೆ, ಬ್ಯಾಟರಿ ಮೊದಲಿಗಿಂತ ಬೇಗ ಇಳಿಯುತ್ತದೆ. ಬರೆಯುವ ಕೆಲಸದವರಿಗೆ ಇದು ಬೇಕಿಲ್ಲ.

ರ‍್ಯಾಮ್: ತುಂಬಿಕೊಳ್ಳಬಹುದಾದ ಕೊರತೆ

512 ಎಂಬಿ, ಒಂದೇ ಸ್ಲಾಟ್. ಬದಲಿಸುವುದು ಹತ್ತು ನಿಮಿಷದ ಕೆಲಸ. ಬ್ಯಾಟರಿ ಮೊದಲು ತೆಗೆಯಿರಿ. ಅಡಿಯಲ್ಲಿ ಎರಡು ತಿರುಪಿನ ಸಣ್ಣ ಮುಚ್ಚಳವಿದೆ, ಅದನ್ನು ಬಿಚ್ಚಿ. ಸ್ಲಾಟಿನ ಎರಡೂ ಬದಿಯ ಕ್ಲಿಪ್ಪನ್ನು ಹೊರಕ್ಕೆ ಸರಿಸಿದರೆ ಹಳೆಯ ಪಟ್ಟಿ ತಾನಾಗಿ ಓರೆಯಾಗಿ ಏಳುತ್ತದೆ. ಹೊಸದನ್ನು ಅದೇ ಓರೆಯಲ್ಲಿ ತೂರಿಸಿ, ‘ಟಕ್’ ಎನ್ನುವವರೆಗೆ ಒತ್ತಿ. ಬೇಕಾದ್ದು 200 ಪಿನ್ನಿನ ಡಿಡಿಆರ್2 ಲ್ಯಾಪ್‌ಟಾಪ್ ರ‍್ಯಾಮ್, 667ರದು ಸಾಕು.

ಎರಡು ಎಚ್ಚರಿಕೆ. ಆ ತಿರುಪಿನ ಮೇಲೆ ‘ತೆಗೆದರೆ ವಾರಂಟಿ ಇಲ್ಲ’ ಎಂಬ ಚೀಟಿ ಅಂಟಿಸಿ ಕಳಿಸಿದ್ದರು. ಗಲಾಟೆಯಾದ ಮೇಲೆ, ರ‍್ಯಾಮ್ ಬದಲಿಸಿದ್ದಕ್ಕೆ ವಾರಂಟಿ ಹೋಗುವುದಿಲ್ಲವೆಂದು ಕಂಪನಿ ಹೇಳಿತು. ಆದರೂ ಬಿಲ್ ಕೊಟ್ಟ ಅಂಗಡಿಯವರ ಬಾಯಿಂದ ಒಮ್ಮೆ ಕೇಳಿಸಿಕೊಂಡೇ ಚೀಟಿ ಹರಿಯುವುದು ಕ್ಷೇಮ. ಎರಡನೆಯದು, 2 ಜಿಬಿ ಹಾಕಿಸಿ ದುಡ್ಡು ಕಳೆಯಬೇಡಿ: ಜೊತೆಗೆ ಬಂದ ಝಂಡ್ರೋಸ್ ಕರ್ನೆಲ್ಲಿಗೆ 1 ಜಿಬಿಯ ಆಚೆ ಕಣ್ಣು ಕಾಣುವುದಿಲ್ಲ. ಕರ್ನೆಲ್ ಬದಲಿಸುವವರಿಗೆ ಮಾತ್ರ ಮಿಕ್ಕ ಜಿಬಿ ದಕ್ಕುತ್ತದೆ. ಅಗ್ಗದ ‘2ಜಿ ಸರ್ಫ್’ ಮಾದರಿಯಲ್ಲಿ ರ‍್ಯಾಮನ್ನು ಬೋರ್ಡಿಗೇ ಬೆಸೆದಿದ್ದಾರೆ. 100 ಡಾಲರ್ ಉಳಿಸಲು ಹೋಗಿ ಅದನ್ನು ಕೊಂಡವರಿಗೆ ಈ ಬಾಗಿಲೂ ಇಲ್ಲ.

ನಾಲ್ಕು ಜಿಬಿ ಎಲ್ಲಿ ಹೋಯಿತು

ತೊಂದರೆಯ ಬೇರು ಇರುವುದು ಇಲ್ಲಿ. ಹಾರ್ಡ್ ಡಿಸ್ಕಿನ ಬದಲು 4 ಜಿಬಿಯ ಫ್ಲ್ಯಾಶ್ ಸಂಗ್ರಹ. ತಿರುಗುವ ಭಾಗವಿಲ್ಲ, ಬಸ್ ಪ್ರಯಾಣದ ಕುಲುಕಾಟಕ್ಕೆ ಅಂಜುವುದಿಲ್ಲ, ಅರ್ಧ ನಿಮಿಷದಲ್ಲಿ ಯಂತ್ರ ಎದ್ದು ಕೂರುತ್ತದೆ. ಆ ಚಿಪ್ಪುಗಳನ್ನೂ ಬೋರ್ಡಿಗೆ ಬೆಸೆದಿದ್ದಾರೆ, ಮುಂದೆ ದೊಡ್ಡದು ಹಾಕಿಸುವ ಮಾತಿಲ್ಲ. ಅಷ್ಟೇ ಆಗಿದ್ದರೆ ಸರಿ, ಆದರೆ ಆ ನಾಲ್ಕು ಜಿಬಿಯನ್ನು ಹಂಚಿದ ರೀತಿ ಗೊತ್ತಿಲ್ಲದವರಿಗೆ ಅದು ತಿಂಗಳೊಪ್ಪತ್ತಿನಲ್ಲಿ ಕೈಕೊಡುತ್ತದೆ.

ಮೊದಲನೆಯ ಪಾರ್ಟಿಶನ್ (ಸಂಗ್ರಹದ ಪಾಲು) ಎರಡೂವರೆ ಜಿಬಿಯ ಹತ್ತಿರ. ಅದರಲ್ಲಿ ಇಡೀ ಝಂಡ್ರೋಸ್, ಓಪನ್ ಆಫೀಸ್, ಫೈರ್‌ಫಾಕ್ಸ್, ಸ್ಕೈಪ್, ಮಕ್ಕಳ ಆಟಗಳು ಎಲ್ಲ ಕೂತಿವೆ, ಓದುವುದಕ್ಕೆ ಮಾತ್ರ. ಎರಡನೆಯದು 1.4 ಜಿಬಿ ಆಸುಪಾಸು, ಬಳಕೆದಾರರದು. ಕೊನೆಗೆ ಬಯಾಸ್ (ಯಂತ್ರವನ್ನು ಎಬ್ಬಿಸುವ ಮೂಲ ತಂತ್ರಾಂಶ) ಸಂಬಂಧದ ಎಂಟೆಂಟು ಎಂಬಿಯ ಎರಡು ಚೂರು. ಮೊದಲ ಎರಡನ್ನೂ ‘ಯೂನಿಯನ್ ಎಫ್‌ಎಸ್’ ಎಂಬ ವ್ಯವಸ್ಥೆ ಒಂದರ ಮೇಲೊಂದು ಹೊದಿಸಿ, ಒಂದೇ ಡಿಸ್ಕ್ ಎಂಬಂತೆ ತೋರಿಸುತ್ತದೆ. ನೀವು ಬರೆದದ್ದು, ಅಳಿಸಿದ್ದು, ತಿದ್ದಿದ್ದು ಎಲ್ಲವೂ ಮೇಲಿನ ಪದರದಲ್ಲಿ. ಕೆಳಗಿನದು ಕಾರ್ಖಾನೆಯಿಂದ ಬಂದ ಹಾಗೆಯೇ ಇರುತ್ತದೆ.

ಹೀಗೆ ಮಾಡಿದ್ದರಲ್ಲಿ ಜಾಣತನವಿದೆ. ಏನೇ ಕೆಟ್ಟರೂ ಯಂತ್ರ ಏಳುವಾಗ ಎಫ್9 ಒತ್ತಿ, ಬರುವ ಪಟ್ಟಿಯಲ್ಲಿ ಕಾರ್ಖಾನೆ ಸ್ಥಿತಿಗೆ ಮರಳಿಸುವ ಸಾಲು ಆರಿಸಿದರೆ ಮೇಲಿನ ಪದರ ಒರೆಸಿಹೋಗಿ ಹೊಸ ಯಂತ್ರ ಕೈಗೆ ಬರುತ್ತದೆ. ಸಿಡಿ ಬೇಡ, ಮೆಕ್ಯಾನಿಕ್ ಬೇಡ. ಕಂಪ್ಯೂಟರ್ ಗೊತ್ತಿಲ್ಲದವರ ಕೈಗೆ ಕೊಡುವ ಯಂತ್ರಕ್ಕೆ ಇದಕ್ಕಿಂತ ಒಳ್ಳೆಯ ಏರ್ಪಾಡು ಆ ಕಾಲದಲ್ಲಿ ಇರಲಿಲ್ಲ. ನಿಮ್ಮ ಕಡತಗಳೂ ಅದರೊಡನೆ ಹೋಗುತ್ತವೆ ಎಂಬುದು ನೆನಪಿರಬೇಕು, ಅಷ್ಟೇ.

ಬೆಲೆ ತೆರಬೇಕಾದ್ದು ಇನ್ನೊಂದು ಕಡೆ. ಮಕ್ಕಳ ಆಟಗಳು ಬೇಡವೆಂದು ಅಳಿಸಿ ನೋಡಿ: ಒಂದು ಎಂಬಿಯೂ ಮರಳುವುದಿಲ್ಲ. ಕೆಳಪದರದಲ್ಲಿ ಅದು ಹಾಗೇ ಇದೆ. ಮೇಲೆ ‘ಇದನ್ನು ತೋರಿಸಬೇಡ’ ಎಂಬ ಗುರುತೊಂದು ಹೊಸದಾಗಿ ಸೇರಿತು. ಓಪನ್ ಆಫೀಸಿಗೆ ಅಪ್‌ಡೇಟ್ ಬಂದರೆ ಇನ್ನೂ ದುಬಾರಿ: ಹಳೆಯದು ಕೆಳಗೆ ಉಳಿದು, ಹೊಸದು ಪೂರ್ತಿಯಾಗಿ ನಿಮ್ಮ 1.4 ಜಿಬಿಯಲ್ಲಿ ಬಂದು ಕೂರುತ್ತದೆ. ಕಂಪನಿ ಕಳಿಸುವ ಅಪ್‌ಡೇಟುಗಳನ್ನೆಲ್ಲ ಒಂದೂ ಬಿಡದೆ ಹಾಕಿಕೊಂಡು ಹೋದವರಿಗೆ ಕೊನೆಗೆ ಲಾಗಿನ್ ಆಗಲೂ ಜಾಗ ಉಳಿಯದ ಸ್ಥಿತಿ ಬರುತ್ತದೆ. ಆಗ ಉಳಿದ ದಾರಿ ಅದೇ ಎಫ್9.

ಪರಿಹಾರ ಮೊದಲ ದಿನದಿಂದಲೇ ಶುರುವಾಗಬೇಕು. 4 ಅಥವಾ 8 ಜಿಬಿಯ ಎಸ್‌ಡಿಎಚ್‌ಸಿ ಕಾರ್ಡ್ ಒಂದನ್ನು ಯಂತ್ರದಲ್ಲೇ ಖಾಯಂ ಬಿಟ್ಟು ಬರಹ, ಫೋಟೊ, ಹಾಡು ಎಲ್ಲ ಅದಕ್ಕೇ ಉಳಿಸಿ. ಕಂಟ್ರೋಲ್-ಆಲ್ಟ್-ಟಿ ಒತ್ತಿದರೆ ಟರ್ಮಿನಲ್ ತೆರೆಯುತ್ತದೆ. ಹೊಸ ತಂತ್ರಾಂಶ ಹಾಕಿದ ಮೇಲೆಲ್ಲ ಅಲ್ಲಿಂದ ‘ಆಪ್ಟ್-ಗೆಟ್ ಕ್ಲೀನ್’ ಓಡಿಸಿ ಇಳಿಸಿಕೊಂಡ ಪ್ಯಾಕೇಜುಗಳ ಕಂತೆಯನ್ನು ಖಾಲಿ ಮಾಡಿ. ಫೈರ್‌ಫಾಕ್ಸಿನ ಕ್ಯಾಶ್ (ನೋಡಿದ ಪುಟಗಳ ತಾತ್ಕಾಲಿಕ ಸಂಗ್ರಹ) ಮಿತಿಯನ್ನು ಹತ್ತು-ಇಪ್ಪತ್ತು ಎಂಬಿಗೆ ಇಳಿಸಿ. ರ‍್ಯಾಮ್ ಸಾಲದಾಗ ಬಳಸುವ ಸ್ವಾಪ್ ಪಾರ್ಟಿಶನ್ ಮಾಡಲು ಹೋಗಬೇಡಿ. ಫ್ಲ್ಯಾಶಿನ ಮೇಲೆ ಬರೆಹದ ಹೊರೆ ಏರುವುದಲ್ಲದೆ, ಇರುವ ಜಾಗವೂ ಹೋಗುತ್ತದೆ. ಯೂನಿಯನ್ ಎಫ್‌ಎಸ್ಸನ್ನೇ ಕಿತ್ತುಹಾಕಿ ನಾಲ್ಕೂ ಜಿಬಿಯನ್ನು ಒಂದಾಗಿಸುವ ದಾರಿಯೂ ಇದೆ. ಅದು ಲಿನಕ್ಸಿನಲ್ಲಿ ಕೈ ಪಳಗಿದವರಿಗೆ, ಮತ್ತು ಅಲ್ಲಿಗೆ ಎಫ್9ರ ಭರವಸೆ ಮುಗಿಯಿತು.

ಕಾರ್ಡಿನ ಬಗ್ಗೆ ಒಂದು ಮಾತು. ಈ ಯಂತ್ರದಲ್ಲಿ ಕಾರ್ಡ್ ರೀಡರ್ ಒಳಗಿನಿಂದ ಯುಎಸ್‌ಬಿಗೇ ಜೋಡಣೆಯಾಗಿದೆ. ಮುಚ್ಚಳ ಮುಚ್ಚಿ ನಿದ್ರೆಗೆ ಕಳಿಸಿದಾಗ ಅದರ ವಿದ್ಯುತ್ತು ಹೋಗಿ, ಎದ್ದಾಗ ಹೊಸದಾಗಿ ಸಿಕ್ಕಿಸಿದ ಕಾರ್ಡಿನಂತೆ ಗುರುತಿಗೆ ಬರಬಹುದು. ಆ ಹೊತ್ತಿನಲ್ಲಿ ಕಾರ್ಡಿನ ಕಡತವೊಂದು ತೆರೆದೇ ಇದ್ದರೆ ಬರೆದದ್ದು ಮಣ್ಣುಪಾಲು. ಉಳಿಸಿ, ಕಡತ ಮುಚ್ಚಿ, ಆಮೇಲೆ ಮುಚ್ಚಳ ಹಾಕಿ.

480 ಸಾಲುಗಳ ಪರದೆ

ಏಳಿಂಚಿನ ಕರ್ಣ, 800 × 480 ಚುಕ್ಕಿ. ಅಳತೆಯಲ್ಲಿ ಅಗಲ 15 ಸೆಂ.ಮೀ., ಎತ್ತರ 9 ಸೆಂ.ಮೀ. ಮಾತ್ರ. ಪರದೆಯ ಎರಡು ಬದಿಯಲ್ಲಿ ಸ್ಪೀಕರುಗಳಿಗೆ ಬಿಟ್ಟ ದಪ್ಪ ಅಂಚು ನೋಡಿದರೆ ಇದೇ ಮುಚ್ಚಳದಲ್ಲಿ ಇನ್ನೂ ದೊಡ್ಡದನ್ನು ಕೂರಿಸಬಹುದಿತ್ತು ಎನಿಸುತ್ತದೆ. ಅನಿಸಿಕೆ ಸುಳ್ಳಾಗಲಿಲ್ಲ. 2008ರ ಏಪ್ರಿಲಿನಲ್ಲೇ ಹೆಚ್ಚುಕಡಿಮೆ ಇಷ್ಟೇ ಗಾತ್ರದ ಮೈಯಲ್ಲಿ 8.9 ಇಂಚಿನ, 1024 × 600ರ ಈ-ಪಿಸಿ 900 ಬಂತು.

ಆ ಕಾಲದ ವೆಬ್ ಪುಟಗಳನ್ನು 1024 ಅಗಲಕ್ಕೆ ಹೊಲಿದಿರುತ್ತಿದ್ದರು. 800ರಲ್ಲಿ ಪ್ರತಿ ಸಾಲಿಗೂ ಪುಟವನ್ನು ಅಡ್ಡಕ್ಕೆ ಎಳೆಯಬೇಕು. ಒಪೆರಾ ಬ್ರೌಸರಿನ ‘ಅಗಲಕ್ಕೆ ಹೊಂದಿಸು’ ಸೌಲಭ್ಯ ಇದನ್ನು ಬಹಳಮಟ್ಟಿಗೆ ನೀಗಿಸುತ್ತದೆ. ಫೈರ್‌ಫಾಕ್ಸಿನಲ್ಲಿ ಎಫ್11 ಒತ್ತಿ ಪಟ್ಟಿಗಳನ್ನು ಅಡಗಿಸುವುದೇ ಗತಿ. ಇನ್ನೂ ಕಿರಿಕಿರಿ, 600 ಎತ್ತರವನ್ನು ನಂಬಿ ಮಾಡಿದ ಸಂವಾದ ಪೆಟ್ಟಿಗೆಗಳು: ‘ಸರಿ’, ‘ರದ್ದು’ ಗುಂಡಿಗಳು ಪರದೆಯ ಕೆಳಗೆ ಎಲ್ಲೋ ಇರುತ್ತವೆ. ಆಲ್ಟ್ ಒತ್ತಿಹಿಡಿದು ಪೆಟ್ಟಿಗೆಯ ನಡುವನ್ನೇ ಮೌಸಿನಿಂದ ಮೇಲಕ್ಕೆಳೆದರೆ ಗುಂಡಿ ಕಾಣುತ್ತದೆ. ಇದು ಗೊತ್ತಿಲ್ಲದವರು ಯಂತ್ರ ಕೆಟ್ಟಿತೆಂದು ಅಂಗಡಿಗೆ ಒಯ್ಯುತ್ತಾರೆ.

ಕನ್ನಡಕ್ಕೆ ಈ ಪರದೆ ಇಂಗ್ಲಿಷಿಗಿಂತ ಇಕ್ಕಟ್ಟು. ಇಂಚಿಗೆ 133 ಚುಕ್ಕಿಯ ಪರದೆಯಲ್ಲಿ ಇಂಗ್ಲಿಷನ್ನು ಸಣ್ಣ ಅಕ್ಷರದಲ್ಲೂ ಓದಬಹುದು. ಕನ್ನಡದಲ್ಲಿ ಒತ್ತು, ವಟ್ರಸುಳಿ, ಗುಣಿತದ ಕೊಂಬು ತಮ್ಮ ತಮ್ಮ ಜಾಗದಲ್ಲಿ ಕಾಣಬೇಕಾದರೆ 14 ಪಾಯಿಂಟಾದರೂ ಬೇಕು, ಒತ್ತಕ್ಷರಕ್ಕೆಂದು ಸಾಲುಗಳ ನಡುವಿನ ಅಂತರವೂ ಹೆಚ್ಚಬೇಕು. ಓಪನ್ ಆಫೀಸಿನ ಶೀರ್ಷಿಕೆ, ಮೆನು, ಎರಡು ಟೂಲ್‌ಬಾರ್, ಅಳತೆಪಟ್ಟಿ, ಕೆಳಗಿನ ಸ್ಥಿತಿಪಟ್ಟಿ ಕಳೆದು ಉಳಿಯುವುದು 300 ಚುಕ್ಕಿಯ ಎತ್ತರ: ಹತ್ತು ಸಾಲು ಕಂಡರೆ ಹೆಚ್ಚು. ಕಂಟ್ರೋಲ್-ಶಿಫ್ಟ್-ಜೆ ಒತ್ತಿ ಪೂರ್ಣ ಪರದೆಗೆ ಹೋದರೆ ಇನ್ನೂ ನಾಲ್ಕೈದು ಸಾಲು ಸಿಗುತ್ತವೆ. ವರದಿ ಬರೆಯಲು ಇಷ್ಟು ಸಾಕು, ಹಿಂದಿನ ಪ್ಯಾರಾ ನೋಡಿಕೊಂಡು ಅನುವಾದ ತಿದ್ದಲು ಸಾಲದು. ಅನುವಾದಕರ ಮೇಜಿನ ಮೇಲೆ ಹಳೆಯ ಮಾನಿಟರ್ ಒಂದಿದ್ದು ಅದಕ್ಕೆ ವಿಜಿಎ ತಂತಿ ಸಿಕ್ಕಿಸಿದರೆ ಮಾತು ಬೇರೆ.

ಬಲಗಡೆಯ ಶಿಫ್ಟ್

ಇಂಗ್ಲಿಷ್ ವಿಮರ್ಶೆಗಳು ಕೀಲಿಮಣೆಯ ಬಗ್ಗೆ ‘ಚಿಕ್ಕದು, ಅಭ್ಯಾಸವಾಗುತ್ತದೆ’ ಎಂದು ಬರೆದು ಮುಂದೆ ಹೋದವು. ಅಕ್ಷರದ ಕೀಲಿಗಳ ನಡುವಿನ ಅಂತರ ಸುಮಾರು 15 ಮಿ.ಮೀ., ಮಾಮೂಲಿಯಲ್ಲಿ 19. ಅದು ನಿಜಕ್ಕೂ ಅಭ್ಯಾಸವಾಗುತ್ತದೆ. ಅಭ್ಯಾಸವಾಗದಿರುವುದು ಬಲ ಶಿಫ್ಟ್. ಅದನ್ನು ಒಂದು ಚಿಕ್ಕ ಕೀಲಿಯಾಗಿಸಿ, ಮೇಲ್ಬಾಣದ ಕೀಲಿಯ ಆಚೆಗೆ, ತುದಿಗೆ ತಳ್ಳಿದ್ದಾರೆ. ಬಲಗೈ ಕಿರುಬೆರಳು ಶಿಫ್ಟ್ ಇರಬೇಕಾದ ಕಡೆಗೆ ಹೋದರೆ ಸಿಗುವುದು ಮೇಲ್ಬಾಣ.

ಇಂಗ್ಲಿಷಿನಲ್ಲಿ ಶಿಫ್ಟ್ ಬೇಕಾಗುವುದು ವಾಕ್ಯಕ್ಕೊಮ್ಮೆ, ಹೆಸರಿಗೊಮ್ಮೆ. ಕನ್ನಡ ಗಣಕ ಪರಿಷತ್ತಿನ ವಿನ್ಯಾಸದಲ್ಲಿ, ಜನರ ಬಾಯಲ್ಲಿ ‘ನುಡಿ ಕೀಲಿಮಣೆ’ಯಲ್ಲಿ, ದೀರ್ಘಸ್ವರಕ್ಕೆಲ್ಲ ಶಿಫ್ಟ್, ಮಹಾಪ್ರಾಣಕ್ಕೆಲ್ಲ ಶಿಫ್ಟ್. ‘ಆ’ ಕಾರ ಬರುವುದು ಶಿಫ್ಟ್ ಜೊತೆ ಎ ಕೀಲಿಯಿಂದ. ಆ ಕೀಲಿ ಎಡಗೈ ಕಿರುಬೆರಳಿನದಾದ್ದರಿಂದ, ನೋಡದೆ ಟೈಪ್ ಮಾಡುವವರು ಶಿಫ್ಟನ್ನು ಬಲಗೈಯಲ್ಲೇ ಒತ್ತುತ್ತಾರೆ. ‘ಮಾರಾಟಕ್ಕಾಗಿ’ ಎಂಬ ಒಂದು ಪದ ತೆಗೆದುಕೊಳ್ಳಿ. ಅದರಲ್ಲಿ ಮೂರು ದೀರ್ಘ, ಮೂರು ಸಲ ಬಲ ಶಿಫ್ಟ್. 701ರಲ್ಲಿ ಆಗುವುದೇನೆಂದರೆ, ‘ಮ’ ಮೂಡುತ್ತದೆ, ಬೆರಳು ಮೇಲ್ಬಾಣಕ್ಕೆ ಬೀಳುತ್ತದೆ, ಕರ್ಸರ್ ಮೇಲಿನ ಸಾಲಿಗೆ ಜಿಗಿಯುತ್ತದೆ, ಅಲ್ಲಿದ್ದ ಯಾವುದೋ ಪದದ ಹೊಟ್ಟೆಯಲ್ಲಿ ಒಂದು ‘ಅ’ ಹುಟ್ಟಿಕೊಳ್ಳುತ್ತದೆ. ಕಣ್ಣು ಟಿಪ್ಪಣಿ ಪುಸ್ತಕದ ಮೇಲಿದ್ದರೆ ಇದು ಗೊತ್ತಾಗುವುದು ನಾಲ್ಕು ಸಾಲು ಕೆಟ್ಟ ಮೇಲೆ. ಭಾರತೀಯ ಲಿಪಿಗಳಿಗೆಲ್ಲ ಸಾಮಾನ್ಯವಾದ ಇನ್‌ಸ್ಕ್ರಿಪ್ಟ್ ಕೀಲಿ ವಿನ್ಯಾಸ ಬಳಸುವವರಿಗೆ ‘ಆ’ ಕಾರದ ಮಟ್ಟಿಗೆ ಈ ಕಾಟವಿಲ್ಲ, ಅಲ್ಲಿ ಅದಕ್ಕೆ ಶಿಫ್ಟ್ ಬೇಡ.

ಮದ್ದು ಇದೆ. ಮೇಲ್ಬಾಣ ಮತ್ತು ಬಲ ಶಿಫ್ಟನ್ನು ತಂತ್ರಾಂಶದಲ್ಲೇ ಅದಲುಬದಲು ಮಾಡುವುದು. ಲಿನಕ್ಸಿನಲ್ಲಿ ‘ಎಕ್ಸ್‌ಮಾಡ್‌ಮ್ಯಾಪ್’ ಆಜ್ಞೆಯಿಂದ, ವಿಂಡೋಸ್ ಎಕ್ಸ್‌ಪಿಯಲ್ಲಿ ರಿಜಿಸ್ಟ್ರಿಯ ಸ್ಕ್ಯಾನ್‌ಕೋಡ್ ನಕ್ಷೆಯಿಂದ. ಎಕ್ಸ್‌ಮಾಡ್‌ಮ್ಯಾಪ್ ಬದಲಾವಣೆ ಮುಂದಿನ ಲಾಗಿನ್ನಿಗೆ ಮರೆತುಹೋಗುತ್ತದೆ, ಆದ್ದರಿಂದ ಅದನ್ನು ಆರಂಭದ ಕಡತಕ್ಕೆ ಸೇರಿಸಬೇಕು. ಆಮೇಲೆ ಬಾಣದ ಕೀಲಿ ಹುಡುಕುವಾಗ ತಡವರಿಸುತ್ತೀರಿ. ಟೈಪಿಂಗೇ ಮುಖ್ಯವಾದವರಿಗೆ ಅದು ಲಾಭದ ವ್ಯಾಪಾರ. ಇಷ್ಟು ಮಾಡಿಕೊಳ್ಳಲು ಬಾರದವರು, ಅಂಗಡಿಯಲ್ಲೇ ಅರ್ಧ ಪುಟ ಕನ್ನಡ ಟೈಪ್ ಮಾಡಿ ನೋಡದೆ ಈ ಯಂತ್ರಕ್ಕೆ ದುಡ್ಡು ಕೊಡಬಾರದು. ಟಚ್‌ಪ್ಯಾಡಿನ ಕೆಳಗಿನ ಒಂದೇ ಉದ್ದನೆಯ ಗುಂಡಿಯೂ ಬಿಗಿ. ಆದರೆ ಅದಕ್ಕೊಂದು ಪುಟ್ಟ ಯುಎಸ್‌ಬಿ ಮೌಸ್ ಸಾಕು.

ಕನ್ನಡವನ್ನು ಒಳಗೆ ತರುವುದು

ಝಂಡ್ರೋಸ್, ಡೆಬಿಯನ್ ಎಂಬ ಇನ್ನೊಂದು ಲಿನಕ್ಸಿನ ಮೂಲದ್ದು. ಕೇದಗೆ, ಮಲ್ಲಿಗೆ ಅಥವಾ ಲೋಹಿತ್ ಕನ್ನಡ ಫಾಂಟ್ ಕಡತಗಳನ್ನು ಮನೆ ಫೋಲ್ಡರಿನ ಅಡಗಿದ ‘ಫಾಂಟ್ಸ್’ ಫೋಲ್ಡರಿಗೆ ಹಾಕಿದರೆ ಯೂನಿಕೋಡ್ ಪುಟ ಕಾಣಲು ಶುರು. ಆದರೂ ಫೈರ್‌ಫಾಕ್ಸ್ 2ರಲ್ಲಿ ಅಕ್ಷರ ಜೋಡಿಸುವ ‘ಪ್ಯಾಂಗೊ’ ಚಾಲೂ ಇಲ್ಲದಿದ್ದರೆ ಒತ್ತಕ್ಷರಗಳು ಒಡೆದು ಸಾಲಾಗಿ ನಿಲ್ಲುತ್ತವೆ. 2008ರ ಜೂನಿನಲ್ಲಿ ಬಂದ ಫೈರ್‌ಫಾಕ್ಸ್ 3ರಲ್ಲಿ ಈ ತಾಪತ್ರಯ ನೀಗಿತು. ಟೈಪಿಂಗಿಗೆ ‘ಸ್ಕಿಮ್’ ಮತ್ತು ‘ಎಂ17ಎನ್’ ಪ್ಯಾಕೇಜುಗಳು ಬೇಕು. ಇವನ್ನು ಡೆಬಿಯನ್ ಭಂಡಾರದಿಂದ ತರುವಾಗ ಝಂಡ್ರೋಸಿನ ಮೂಲ ಪ್ಯಾಕೇಜುಗಳ ಮೇಲೆ ಡೆಬಿಯನ್ನಿನವು ಕೂತು ವ್ಯವಸ್ಥೆಯೇ ತೂಕಡಿಸಬಹುದು. ಬೇಕಾದ್ದನ್ನು ತಂದ ಕೂಡಲೇ ಆ ಭಂಡಾರದ ಸಾಲನ್ನು ಪಟ್ಟಿಯಿಂದ ತೆಗೆದುಹಾಕುವುದು ಜಾಣತನ.

ಪತ್ರಿಕಾ ಕಚೇರಿ ‘ನುಡಿ’ ಫಾಂಟಿನ ಕಡತವನ್ನೇ ಕೇಳುತ್ತದೆ ಎಂದಾದರೆ ಲಿನಕ್ಸಿನ ಮಾತು ಅಲ್ಲಿಗೇ ನಿಂತಿತು, ಏಕೆಂದರೆ ನುಡಿ ವಿಂಡೋಸಿನ ತಂತ್ರಾಂಶ. ಆಗ ಎಕ್ಸ್‌ಪಿ ಹಾಕಲೇಬೇಕು, ಪರವಾನಗಿಯ ದುಡ್ಡೂ ಲೆಕ್ಕಕ್ಕೆ ಸೇರುತ್ತದೆ. ಅಸೂಸ್ ಜೊತೆಗೆ ಕೊಟ್ಟ ಡಿವಿಡಿಯಲ್ಲಿ ಎಕ್ಸ್‌ಪಿ ಡ್ರೈವರುಗಳಿವೆ. ಹಾಕಲು ಹೊರಗಿನ ಯುಎಸ್‌ಬಿ ಸಿಡಿ ಡ್ರೈವ್ ಒಂದು ದಿನದ ಮಟ್ಟಿಗೆ ಬೇಕು. ಹಾಕಿದ ಮೇಲೆ ಹೈಬರ್ನೇಶನ್ ನಿಲ್ಲಿಸಿ: ರ‍್ಯಾಮಿನಷ್ಟೇ ಗಾತ್ರದ ಕಡತ ಅದು, 512 ಎಂಬಿ ಉಳಿಯಿತು. ಸಿಸ್ಟಮ್ ರಿಸ್ಟೋರ್ ನಿಲ್ಲಿಸಿ. ರ‍್ಯಾಮ್ 1 ಜಿಬಿ ಮಾಡಿಸಿದ್ದರೆ ಪೇಜ್ ಫೈಲನ್ನೂ ಚಿಕ್ಕದಾಗಿಸಿ. ಪ್ರತಿ ಅಪ್‌ಡೇಟೂ ವಿಂಡೋಸ್ ಫೋಲ್ಡರಿನಲ್ಲಿ ತನ್ನ ‘ಅನ್‌ಇನ್‌ಸ್ಟಾಲ್’ ಕಂತೆ ಬಿಟ್ಟುಹೋಗುತ್ತದೆ, ಅವನ್ನೂ ಅಳಿಸಿ. ‘ಮೈ ಡಾಕ್ಯುಮೆಂಟ್ಸ್’ ಎಸ್‌ಡಿ ಕಾರ್ಡಿಗೆ ಹೋಗಲಿ.

ಒಂದು ಬಲೆ ಇಲ್ಲಿ ಕಾದಿದೆ. ಎಕ್ಸ್‌ಪಿಯಲ್ಲಿ ಯೂನಿಕೋಡ್ ಕನ್ನಡ ಸರಿಯಾಗಿ ಕಾಣಲು ಪ್ರಾದೇಶಿಕ ಆಯ್ಕೆಗಳಲ್ಲಿ ಸಂಕೀರ್ಣ ಲಿಪಿಗಳ ಬೆಂಬಲಕ್ಕೆ ಟಿಕ್ ಹಾಕಬೇಕು. ಟಿಕ್ ಹಾಕಿದೊಡನೆ ಅದು ಎಕ್ಸ್‌ಪಿ ಸಿಡಿ ಕೇಳುತ್ತದೆ. ಸಿಡಿ ಡ್ರೈವ್ ಆಗಲೇ ಯಜಮಾನರಿಗೆ ಮರಳಿ ಹೋಗಿರುತ್ತದೆ! ಸಿಡಿಯ ‘ಐ386’ ಫೋಲ್ಡರನ್ನು ಮೊದಲೇ ಎಸ್‌ಡಿ ಕಾರ್ಡಿಗೆ ನಕಲು ಮಾಡಿಟ್ಟುಕೊಂಡರೆ ಆ ದಾರಿ ತೋರಿಸಿ ಮುಗಿಸಬಹುದು. ಜಾಗ ಉಳಿಸಲು ‘ಎನ್‌ಲೈಟ್’ನಿಂದ ಬೋಳಿಸಿದ ಎಕ್ಸ್‌ಪಿ ಹಾಕುವವರು ಭಾಷೆಗಳ ಭಾಗಕ್ಕೆ ಕತ್ತರಿ ಹಾಕದಿರಲಿ. ಹಾಕಿದರೆ ಆಮೇಲೆ ಸೇರಿಸಲು ಬಾರದೆ ಮತ್ತೆ ಮೊದಲಿನಿಂದ ಎಕ್ಸ್‌ಪಿ ಹಾಕಬೇಕಾಗುತ್ತದೆ.

ಜಾಲ, ಬ್ಯಾಟರಿ

ವೈಫೈ ಅಥೆರಾಸ್ ಚಿಪ್ಪಿನದು, ಬಿ/ಜಿ ಮಾನಕ. ಝಂಡ್ರೋಸಿನಲ್ಲಿ ತೊಂದರೆ ಕೊಡುವುದಿಲ್ಲ. ಬೇರೆ ಲಿನಕ್ಸ್ ಹಾಕುವವರಿಗೆ 2008ರಲ್ಲಿ ಪ್ಯಾಚ್ ಮಾಡಿದ ಡ್ರೈವರ್ ಹುಡುಕಬೇಕು. ಜಾಲದ ವಿಷಯದಲ್ಲಿ ಹೇಳಲೇಬೇಕಾದ್ದು ಭದ್ರತೆ. ಈ ಯಂತ್ರ ಬಂದದ್ದು, ಜಾಲದಲ್ಲಿ ಫೋಲ್ಡರ್ ಹಂಚುವ ತಂತ್ರಾಂಶವಾದ ಸಾಂಬಾದ 3.0.24 ಆವೃತ್ತಿಯೊಂದಿಗೆ, ಅದರ ಲೋಪ 2007ರಲ್ಲೇ ಬಹಿರಂಗವಾಗಿತ್ತು. ಅದೇ ಜಾಲದಲ್ಲಿರುವ ಇನ್ನೊಬ್ಬರು ಪೆಟ್ಟಿಗೆಯಿಂದ ತೆಗೆದ ಹೊಸ 701ರ ಪೂರ್ಣ ಹಿಡಿತ ಪಡೆಯಬಹುದೆಂದು 2008ರ ಫೆಬ್ರವರಿಯಲ್ಲಿ ಭದ್ರತಾ ಸಂಶೋಧಕರು ತೋರಿಸಿಕೊಟ್ಟರು. ಲಾಡ್ಜು, ಕಾಲೇಜು, ಸೈಬರ್ ಕೆಫೆಗಳ ಜಾಲಕ್ಕೆ ಸೇರುವ ಮೊದಲು ಸಾಂಬಾ ಪ್ಯಾಕೇಜನ್ನು ಹೊಸದಾಗಿಸಿ, ಅಥವಾ ಫೋಲ್ಡರ್ ಹಂಚಿಕೆ ಬೇಡವಾದರೆ ತೆಗೆದೇಹಾಕಿ. ಕಂಪನಿಯ ಎಲ್ಲ ಅಪ್‌ಡೇಟನ್ನೂ ಹಾಕಬೇಡಿ ಎಂದು ಮೇಲೆ ಹೇಳಿದ್ದಕ್ಕೆ ಇದೊಂದು ಅಪವಾದ.

ಬ್ಯಾಟರಿ 7.4 ವೋಲ್ಟ್, 5200 ಎಂಎಎಚ್, 38 ವ್ಯಾಟ್-ಗಂಟೆಯಾಯಿತು. ಪರದೆಯ ಬೆಳಕು ನಡುಮಟ್ಟದಲ್ಲಿಟ್ಟು ವೈಫೈ ಹಾಕಿಕೊಂಡರೆ 12 ವ್ಯಾಟ್ ಆಸುಪಾಸು ಎಳೆಯುತ್ತದೆ, ಮೂರು ಗಂಟೆ ಚಿಲ್ಲರೆ. ಎಫ್‌ಎನ್-ಎಫ್2 ಒತ್ತಿ ವೈಫೈ ಆರಿಸಿ ಬರೆಯುತ್ತ ಕೂತರೆ ತುಸು ಹೆಚ್ಚು. ಸರ್ಫ್ ಮಾದರಿಗಳ ಬ್ಯಾಟರಿ 4400 ಎಂಎಎಚ್ ಮಾತ್ರ, ಅಲ್ಲಿ ಇದೇ ಲೆಕ್ಕ ಮೂರು ಗಂಟೆಯ ಒಳಗೇ ಮುಗಿಯುತ್ತದೆ. ಅಡಾಪ್ಟರ್ ಕೊಡುವುದು 22 ವ್ಯಾಟ್. ಯಂತ್ರ ಓಡುತ್ತಿರುವಾಗ ಚಾರ್ಜಿಗೆ ಉಳಿಯುವುದು ಹತ್ತೇ ವ್ಯಾಟ್, ತುಂಬಲು ನಾಲ್ಕು ಗಂಟೆ. ಲೋಡ್ ಶೆಡ್ಡಿಂಗ್ ಇರುವ ಊರಿನಲ್ಲಿ ಕರೆಂಟು ಬಂದ ಹೊತ್ತು ಯಂತ್ರ ಆರಿಸಿಟ್ಟು ಚಾರ್ಜ್ ಮಾಡುವುದು ಲಾಭ.

ತೀರ್ಪು

ವರದಿಗಾರರಿಗೆ 701 4ಜಿ ಸರಿ, ಮೂರು ಷರತ್ತಿನ ಮೇಲೆ: 1 ಜಿಬಿ ರ‍್ಯಾಮ್, ಖಾಯಂ ಎಸ್‌ಡಿ ಕಾರ್ಡ್, ಅದಲುಬದಲಾದ ಶಿಫ್ಟ್. ಇವೆಲ್ಲ ಸೇರಿದರೂ ಯಂತ್ರ ಇನ್ನೂ ಅಗ್ಗವೇ, ಹಗುರವೇ. ಕಚೇರಿ ನುಡಿ ಕಡತವನ್ನೇ ಬೇಡಿದರೆ ಎಕ್ಸ್‌ಪಿಯ ಖರ್ಚು ಸೇರಿಸಿ ಮತ್ತೊಮ್ಮೆ ಕೂಡಿ ನೋಡಬೇಕು. ಹಾಗೆ ಕೂಡಿದಾಗ ದೊಡ್ಡ ಲ್ಯಾಪ್‌ಟಾಪಿನ ಬೆಲೆಗೆ ಅಂತರ ಅಷ್ಟೇನೂ ಉಳಿಯುವುದಿಲ್ಲ. ಮೇಷ್ಟ್ರುಗಳಿಗೂ ಸರಿ, ಅವರಿಗೆ ಪರದೆಯ ಇಕ್ಕಟ್ಟು ಪ್ರೊಜೆಕ್ಟರಿನಲ್ಲಿ ನೀಗುತ್ತದೆ. ಅನುವಾದಕರಿಗೆ, ಮತ್ತು ಮನೆಯಲ್ಲಿ ಬೇರೆ ಕಂಪ್ಯೂಟರ್ ಇಲ್ಲದ ಯಾರಿಗೇ ಆಗಲಿ, ಬೇಡ. ರ‍್ಯಾಮ್ ತುಂಬಿಸಬಹುದು, ಜಾಗವನ್ನು ಕಾರ್ಡಿನಿಂದ ಸರಿದೂಗಿಸಬಹುದು. 480 ಸಾಲು ಮಾತ್ರ ಯಂತ್ರ ಇರುವವರೆಗೂ 480 ಸಾಲೇ. ಅಂಥವರು 900ಕ್ಕೆ ಕಾಯುವುದು ಮೇಲು, ಅದರ ಬೆಲೆ ನೂರೈವತ್ತು ಡಾಲರ್ ಹೆಚ್ಚಾದರೂ. ಕೀಲಿಮಣೆ ಅದರಲ್ಲೂ ಇದೇ, ಶಿಫ್ಟಿನ ಚಿಕಿತ್ಸೆ ತಪ್ಪದು. ಬಸ್ಸಿನ ಹಗ್ಗ ಮಾತ್ರ ಅಲ್ಲಿ ಬಿಚ್ಚಿದೆ: ಅದೇ ಸೆಲೆರಾನ್ 900 ಮೆಗಾಹರ್ಟ್ಸ್‌ನಲ್ಲೇ ಓಡುತ್ತದೆ.

2008ರ ಜೂನಿನಿಂದ ಈಚೆಗೆ ಇಂಟೆಲಿನ ಆಟಂ ಎನ್270 ಪ್ರೊಸೆಸರ್ ಹೊತ್ತ ಈ-ಪಿಸಿ 901, ಏಸರ್ ಆಸ್ಪೈರ್ ಒನ್, ಎಂಎಸ್‌ಐ ವಿಂಡ್ ಸಾಲುಗಟ್ಟಿ ಬಂದವು. ಹಾಗಾಗಿ 701 ಈಗ ಕೈಗೆ ಬಂದರೆ ಅದು ಹಳೆಯ ಸಾಮಾನಿನ ಅಂಗಡಿಯಿಂದ. ಅಲ್ಲಿ ನೋಡಬೇಕಾದ್ದು ನಾಲ್ಕೇ: ಅಡಾಪ್ಟರಿನ ಮೇಲೆ 9.5 ವೋಲ್ಟ್ ಎಂದಿದೆಯೇ, ಬ್ಯಾಟರಿ ಉಬ್ಬಿದೆಯೇ, ಅಡಿಯ ಮುಚ್ಚಳದೊಳಗೆ ಎಷ್ಟು ಜಿಬಿಯ ರ‍್ಯಾಮ್ ಇದೆ, ಮತ್ತು ಎಫ್9 ಒತ್ತಿದರೆ ಕಾರ್ಖಾನೆಯ ಪಟ್ಟಿ ಇನ್ನೂ ಬರುತ್ತದೆಯೇ.